ಮಂದ್ರದವರ ಮೇಳ

ಸಂಗೀತವನ್ನು ಕೇಳುವವರಲ್ಲಿ ಹೆಚ್ಚಿನವರ ಕಿವಿ ಮೇಲಣ ದನಿಯನ್ನೇ ಹಿಂಬಾಲಿಸುವುದು. ಹಾಡುವವನು ತಾರಸ್ಥಾಯಿಗೆ ಏರಿದಾಗ ಸಭೆ ತಲೆದೂಗುತ್ತದೆ. ಅವನ ಬೆನ್ನ ಹಿಂದೆ ಕುಳಿತು ಮೊದಲಿನಿಂದ ಕಡೆಯವರೆಗೂ ಶ್ರುತಿಯನ್ನು ಮಿಡಿಯುತ್ತಿರುವ ತಂಬೂರಿಯವನ ಮುಖವನ್ನು ನೋಡುವವರು ಕಡಮೆ. ತಂಬೂರಿ ನಿಂತುಹೋದರೆ ಮಾತ್ರ ಏನೋ ತಪ್ಪಿತೆಂಬುದು ಸಭೆಗೆಲ್ಲ ತಿಳಿಯುತ್ತದೆ. ಪಾಶ್ಚಾತ್ಯರ ದೊಡ್ಡ ವಾದ್ಯವೃಂದಗಳಲ್ಲಿಯೂ ಹೀಗೆ ಹಿಂದಿನ ಸಾಲಿನಲ್ಲಿ ಕುಳಿತು ನೆಲೆಯನ್ನು ಹಿಡಿದಿರತಕ್ಕ ಕೆಲವರುಂಟು. ಟ್ರೊಂಬೋನು, ಯುಫೋನಿಯಮ್, ಟ್ಯೂಬಾ ಎಂಬ ಮಂದ್ರಸ್ಥಾಯಿಯ ಹಿತ್ತಾಳೆ ವಾದ್ಯಗಳನ್ನು ಊದುವವರು ಅವರು. ವರ್ಷವೆಲ್ಲ ಒಬ್ಬೊಬ್ಬರಾಗಿ, ಇಬ್ಬರು ಮೂವರಾಗಿ, ಊರೂರುಗಳಲ್ಲಿ ಚೆದರಿರುವ ಈ ಜನ ಬೇಸಿಗೆಯಲ್ಲಿ ಒಂದು ವಾರದ ಮಟ್ಟಿಗೆ ಒಂದೆಡೆ ಕಲೆಯುವ ಪದ್ಧತಿಯು ಅಮೆರಿಕಾ ದೇಶದಲ್ಲಿ ಐವತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ನಡೆದುಬಂದಿದೆ. ಆ ವಾರದಲ್ಲಿ ಪಿಟೀಲಿಲ್ಲ, ಕೊಳಲಿಲ್ಲ. ನೆಲೆಯನ್ನು ಹಿಡಿಯುವವರೇ ಅಲ್ಲಿ ಹಾಡುವವರು, ಅವರೇ ಕೇಳುವವರು.

ಕನ್ನಡ ನಾಡಿನವರಿಗೆ ಈ ವಾದ್ಯಗಳು ತೀರ ಅಪರಿಚಿತವಾದುವಲ್ಲ. ಮದುವೆಯ ದಿಬ್ಬಣದ ಬ್ಯಾಂಡಿನಲ್ಲಿ ಎಳೆಯ ಮಗುವನ್ನು ಎತ್ತಿಕೊಂಡಂತೆ ಹಿತ್ತಾಳೆಯ ದೊಡ್ಡ ವಾದ್ಯವೊಂದನ್ನು ತೋಳಿನಲ್ಲಿ ಅವಚಿಕೊಂಡು ಕೆನ್ನೆಯುಬ್ಬಿಸಿ ಊದುತ್ತ ನಡೆಯುವವನನ್ನು ನೋಡದವರಾರು? ಅವನ ಕೈಯಲ್ಲಿರುವುದೇ ಯುಫೋನಿಯಮ್. ಮೈಸೂರಿನ ಅರಸರು ತಮ್ಮ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದನ್ನು ಪೋಷಿಸಿ, ಆಟೋ ಷ್ಮಿಟ್ ಎಂಬ ಜರ್ಮನ್ ವಿದ್ವಾಂಸರನ್ನು ಅದರ ನಿರ್ದೇಶಕರನ್ನಾಗಿ ಇರಿಸಿಕೊಂಡಿದ್ದುದೂ ಹಳೆಯ ಮಾತಾದರೂ ಮರೆತುಹೋದ ಮಾತಲ್ಲ. ಆದರೆ ದಸರೆಯ ಬೀದಿಯಲ್ಲಿ ನಿಂತು ಬ್ಯಾಂಡನ್ನು ಕೇಳಿದವರು ಮನೆಗೆ ಹೋಗುವಾಗ ಗುನುಗುನಿಸುವುದು ಮೇಲಣ ಮಟ್ಟನ್ನಲ್ಲದೆ ಕೆಳಗಣ ದನಿಯನ್ನಲ್ಲ. ಇದು ಯಾವ ದೇಶದಲ್ಲಿಯೂ ಹೀಗೆಯೇ.

ಈ ಮೂರು ವಾದ್ಯಗಳೊಳಗೆ ಟ್ರೊಂಬೋನು ಹಿರಿಯದು. ಹದಿನೈದನೆಯ ಶತಮಾನದಿಂದ ಅದರ ಸುದ್ದಿ ದೊರೆಯುತ್ತದೆ. ಜಾರುವ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ಸ್ವರಗಳನ್ನು ಪಡೆಯುವ ಈ ವಾದ್ಯದ ಸುರುಳಿಯನ್ನು ಬಿಚ್ಚಿ ನೇರವಾಗಿಸಿದರೆ ಸುಮಾರು ೯ ಅಡಿ ಉದ್ದವಾಗುವುದು. ಯುಫೋನಿಯಮ್‌ನ ಕೊಳವೆಯ ಉದ್ದವೂ ಅಷ್ಟೇ. ಆದರೆ ಅದು ಬರಬರುತ್ತ ಅಗಲವಾಗುತ್ತ ಹೋಗುವುದರಿಂದ ದನಿ ಮೃದುವಾಗಿ, ದುಂಡಗಾಗಿ ಹೊರಡುತ್ತದೆ. ಮಧುರಕಂಠವೆಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಆ ಹೆಸರು ಬಂದಿದೆ. ಟ್ಯೂಬಾ ಎಲ್ಲಕ್ಕಿಂತ ಕಿರಿಯದಾದರೂ ಗಾತ್ರದಲ್ಲಿ ಹಿರಿಯದು. ೧೮೩೫ನೆಯ ಇಸವಿಯ ಸೆಪ್ಟೆಂಬರ್ ೧೨ರಂದು ಬರ್ಲಿನ್ ನಗರದ ವೀಪ್ರೆಖ್ಟ್ ಎಂಬ ಸೇನಾ ವಾದ್ಯಗಾರರೂ ಮೊರಿಟ್ಸ್ ಎಂಬ ವಾದ್ಯಶಿಲ್ಪಿಗಳೂ ಕೂಡಿ ಅದಕ್ಕೆ ಹಕ್ಕುಪತ್ರವನ್ನು ಪಡೆದರು. ಅವರು ಮಾಡಿದ್ದುದು ೧೨ ಅಡಿ ಕೊಳವೆಯ ವಾದ್ಯ. ಮುಂದೆ ಬಂದ ದೊಡ್ಡ ಟ್ಯೂಬಾಗಳ ಕೊಳವೆ ೧೮ ಅಡಿಯವರೆಗೂ ಬೆಳೆಯಿತು. ಅಂತಹ ಕೊಳವೆಯ ಮೂಲಸ್ವರವನ್ನು ಹೊರಡಿಸುವಾಗ ವಾದಕನ ತುಟಿಗಳು ಸೆಕೆಂಡಿಗೆ ಸುಮಾರು ೨೯ ಸಲ ಮಾತ್ರ ಅದುರುತ್ತವೆ. ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಅದು ಕುಳಿತ ಹಲಗೆಗೂ ಎದೆಯ ಗೂಡಿಗೂ ತಿಳಿಯುವ ನಾದ.

ಇಂತಹ ವಾದ್ಯವನ್ನು ಹಿಡಿದವನ ಬಾಳಿನಲ್ಲಿ ಊದುವ ಕಾಲಕ್ಕಿಂತ ಕಾಯುವ ಕಾಲವೇ ಹೆಚ್ಚು. ಬೇಥೋವನರ ಐದನೆಯ ಸಿಂಫನಿಯನ್ನು ೧೮೦೮ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲು ನುಡಿಸಿದಾಗ ಟ್ರೊಂಬೋನಿನವರು ಮೂರು ಭಾಗಗಳು ಮುಗಿಯುವವರೆಗೂ ಸುಮ್ಮನೆ ಕುಳಿತಿದ್ದು ನಾಲ್ಕನೆಯ ಭಾಗದಲ್ಲಿ ಬಾಯಿ ತೆರೆದರು. ಬ್ರಾಮ್ಸರು ೧೮೭೬ರಲ್ಲಿ ತಮ್ಮ ಮೊದಲನೆಯ ಸಿಂಫನಿಯನ್ನು ಹೊರತಂದಾಗ ಈ ವಾದಕರನ್ನು ಹಾಗೆಯೇ ಕಡೆಯ ಭಾಗದವರೆಗೂ ಕಾಯಿಸಿದರು. ಟ್ಯೂಬಾದವನ ಪಾಡು ಇನ್ನೂ ವಿಚಿತ್ರವಾದುದು. ೧೮೯೩ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿದ ಡ್ವೊರ್ಷಾಕರ ಒಂಬತ್ತನೆಯ ಸಿಂಫನಿಯಲ್ಲಿ ಅವನಿಗೆ ಎರಡನೆಯ ಭಾಗದಲ್ಲಿ ಕೆಲವೇ ಸ್ವರಗಳಿವೆ. ಉಳಿದ ಮೂರು ಭಾಗಗಳಲ್ಲಿ ಅವನಿಗೆ ಕೆಲಸವಿಲ್ಲ. ಕಾಯುವುದೆಂದರೆ ಬರಿದೆ ಕುಳಿತಿರುವುದಲ್ಲ. ಮೌನದ ತಾಳಗಳನ್ನು ಒಂದೊಂದಾಗಿ ಎಣಿಸುತ್ತಿರಬೇಕು. ಊದದೆ ಬಿಟ್ಟ ಲೋಹ ತಣ್ಣಗಾದರೆ ಶ್ರುತಿ ಇಳಿಯುವುದಾದುದರಿಂದ ಸದ್ದಾಗದಂತೆ ಕೊಳವೆಯೊಳಕ್ಕೆ ಬಿಸಿಯುಸಿರನ್ನು ಬಿಡುತ್ತಿರಬೇಕು. ಅರ್ಧ ಗಂಟೆ ಹೀಗೆ ಕಾದು, ತುಟಿ ಒಣಗಿರುವಾಗ, ಮೊದಲನೆಯ ಸ್ವರವನ್ನೇ ಮೆಲ್ಲಗೆ, ತಪ್ಪಿಲ್ಲದೆ ಹಿಡಿಯಬೇಕು. ತಪ್ಪಿದರೆ ಸಭೆಗೆಲ್ಲ ಕೇಳುತ್ತದೆ. ತಪ್ಪದಿದ್ದರೆ ಯಾರೂ ಗಮನಿಸುವುದಿಲ್ಲ.

ಟ್ರೊಂಬೋನಿನವರು ಸಾಮಾನ್ಯವಾಗಿ ಮೂವರಿರುತ್ತಾರೆ. ವಾದ್ಯವೃಂದದಲ್ಲಿ ಟ್ಯೂಬಾ ಮಾತ್ರ ಒಂದೇ. ಪಿಟೀಲು ಕಲಿಯುವ ಹುಡುಗನು ತನ್ನ ಸುತ್ತಲೂ ಹತ್ತಾರು ಪಿಟೀಲುಗಳನ್ನು ಕೇಳುತ್ತ ಬೆಳೆಯುತ್ತಾನೆ. ಪಕ್ಕದವನ ಬೆರಳನ್ನು ನೋಡಿ ತನ್ನ ಬೆರಳನ್ನು ತಿದ್ದಿಕೊಳ್ಳುತ್ತಾನೆ. ಟ್ಯೂಬಾ ಕಲಿಯುವವನಿಗೆ ಪಕ್ಕದವನೆಂಬುವನೇ ಇಲ್ಲ. ಅನೇಕರು ಅದನ್ನು ಬಯಸಿ ಆರಿಸಿಕೊಂಡವರೂ ಅಲ್ಲ. ಅಮೆರಿಕಾದ ಶಾಲೆಯ ಬ್ಯಾಂಡಿನಲ್ಲಿ ಮೇಷ್ಟರು ತರಗತಿಯನ್ನು ಒಂದು ಸಲ ಕಣ್ಣಾಡಿಸಿ ನೋಡಿ, ಮೈಯಲ್ಲಿ ದೊಡ್ಡವನಾದ ಹುಡುಗನ ತೊಡೆಯ ಮೇಲೆ ದೊಡ್ಡ ವಾದ್ಯವನ್ನು ಇಟ್ಟುಬಿಡುವುದುಂಟು. ಅಂದಿನಿಂದ ಅವನು ಗೆಳೆಯರ ಪರಿಹಾಸ್ಯಕ್ಕೂ ಗುರಿ. ಆನೆ, ಕರಡಿ, ಡೊಳ್ಳುಹೊಟ್ಟೆ ಇವುಗಳನ್ನು ಸಂಗೀತದಲ್ಲಿ ತೋರಿಸಬೇಕಾದಾಗ ಹಾಸ್ಯಗಾರರಿಗೆ ನೆನಪಾಗುವುದು ಅವನ ವಾದ್ಯವೇ. ಆ ಹುಡುಗನಿಗೆ ಅದರ ಮೇಲೆ ಪ್ರೀತಿ ಹುಟ್ಟಿದರೆ ಅದನ್ನು ಹೇಳಿಕೊಳ್ಳಲು ಊರಿನಲ್ಲಿ ಇನ್ನೊಬ್ಬನಿರುವುದಿಲ್ಲ.

ಈ ಕೊರತೆಯನ್ನು ಕಂಡು ಮರುಗಿದವರಲ್ಲಿ ಹಾರ್ವೇ ಫಿಲಿಪ್ಸರು ಮುಖ್ಯರು. ೧೯೨೯ರಲ್ಲಿ ಮಿಸೌರಿ ಪ್ರಾಂತದ ಅರೋರಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಇವರು ಎಳೆಯ ವಯಸ್ಸಿನಲ್ಲಿಯೇ ಸರ್ಕಸ್ಸಿನ ಬ್ಯಾಂಡನ್ನು ಸೇರಿ ಟ್ಯೂಬಾ ಊದುತ್ತ ದೇಶವನ್ನು ಸುತ್ತಿದರು. ಬಳಿಕ ನ್ಯೂಯಾರ್ಕಿಗೆ ಬಂದು ವಿಲಿಯಂ ಬೆಲ್ ಎಂಬ ಪ್ರಸಿದ್ಧ ವಾದಕರಲ್ಲಿ ಶಿಷ್ಯವೃತ್ತಿ ಮಾಡಿದರು. ೧೯೭೧ರಿಂದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಫಿಲಿಪ್ಸರು ೧೯೭೩ರಲ್ಲಿ ಅಲ್ಲಿನ ಬ್ಲೂಮಿಂಗ್ಟನ್ ನಗರದಲ್ಲಿ ಟ್ಯೂಬಾ ವಾದಕರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವನ್ನು ಕೂಡಿಸಿದರು. ಅದಕ್ಕೆ ಎರಡು ವರ್ಷ ಮೊದಲು, ೧೯೭೧ರಲ್ಲಿ, ಟೆನೆಸಿ ಪ್ರಾಂತದ ನ್ಯಾಷ್‌ವಿಲ್ ನಗರದಲ್ಲಿ ಟ್ರೊಂಬೋನಿನವರ ಬೇಸಿಗೆಯ ಕೂಟವು ಆರಂಭವಾಗಿತ್ತು. ಈ ಎರಡು ಬೀಜಗಳಿಂದ ಅನೇಕ ಗಿಡಗಳು ಎದ್ದಿವೆ. ಟ್ಯೂಬಾ ಮತ್ತು ಯುಫೋನಿಯಮ್ ವಾದಕರ ಸಮ್ಮೇಳನವು ೧೯೯೦ರಲ್ಲಿ ಜಪಾನಿನ ಸಪ್ಪೊರೊ, ೨೦೦೪ರಲ್ಲಿ ಹಂಗೆರಿಯ ಬುಡಾಪೆಸ್ಟ್, ೨೦೧೨ರಲ್ಲಿ ಆಸ್ಟ್ರಿಯಾದ ಲಿನ್ಸ್ ನಗರಗಳವರೆಗೂ ಹೋಗಿಬಂದಿತು. ದೊಡ್ಡ ಸಮ್ಮೇಳನಗಳಲ್ಲದೆ, ಒಬ್ಬಿಬ್ಬರು ಗುರುಗಳ ಸುತ್ತ ಕೆಲವು ಹತ್ತು ಮಂದಿ ಸೇರುವ ಸಣ್ಣ ವಾರಗಳೂ ಉಂಟು.

ಬೇಸಿಗೆಯನ್ನೇ ಆರಿಸಿಕೊಂಡುದಕ್ಕೆ ಕಾರಣವು ಸರಳವಾದುದು. ಆ ವೇಳೆಗೆ ವಾದ್ಯವೃಂದಗಳ ವರ್ಷದ ಕಚೇರಿಗಳು ಮುಗಿದಿರುತ್ತವೆ, ಶಾಲೆಗಳು ಮುಚ್ಚಿರುತ್ತವೆ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳು ಬರಿದಾಗಿರುತ್ತವೆ. ಆ ಬರಿದಾದ ಕೊಠಡಿಗಳಿಗೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಈ ಜನ ತಮ್ಮ ತಮ್ಮ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬರುತ್ತಾರೆ. ಟ್ಯೂಬಾದ ಪೆಟ್ಟಿಗೆಯೆಂದರೆ ಸಣ್ಣ ಸಂಸಾರದ ಸಾಮಾನಿನಷ್ಟು ದೊಡ್ಡದು. ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಅದನ್ನು ಕಂಡು ಮುಖ ಸಿಂಡರಿಸದ ಅಧಿಕಾರಿ ಅಪೂರ್ವ. ಆ ದಿನ ಮಾತ್ರ, ಬಾಗಿಲಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡರೆ ಅದನ್ನು ಯಾವ ಮೂಲೆಯಿಂದ ಎತ್ತಿ ಹೇಗೆ ಓರೆ ಮಾಡಬೇಕೆಂಬುದನ್ನು ಬಲ್ಲ ಕೈಗಳು ಹತ್ತಾರು ಒಟ್ಟಿಗೆ ಮುಂದೆ ಬರುತ್ತವೆ. ಪರಿಚಯವು ಅಲ್ಲಿಂದಲೇ ಆರಂಭವಾಗುವುದು.

ಮರುದಿನ ಬೆಳಗ್ಗೆ ಎಲ್ಲರೂ ಒಂದು ದೊಡ್ಡ ಕೊಠಡಿಯಲ್ಲಿ ಸೇರುವರು. ಮೊದಲು ವಾದ್ಯಗಳನ್ನು ಮುಟ್ಟುವುದಿಲ್ಲ, ಬರಿಯ ಉಸಿರಾಟ. ನಾಲ್ಕು ಎಣಿಸುವವರೆಗೆ ಉಸಿರನ್ನು ಎಳೆದುಕೊಳ್ಳುವುದು, ನಾಲ್ಕು ಎಣಿಸುವವರೆಗೆ ಬಿಡುವುದು. ಬಳಿಕ ಆರು, ಎಂಟು. ನೂರು ಜನ ಒಟ್ಟಿಗೆ ಉಸಿರೆಳೆದಾಗ ಕೊಠಡಿಯೇ ಒಂದು ತಿದಿಯಾದಂತೆ ತೋರುವುದು. ಯೋಗಾಭ್ಯಾಸವನ್ನು ಬಲ್ಲವರು ನೋಡಿದರೆ ಇದು ಸಂಗೀತದ ಪಾಠವೋ ಪ್ರಾಣಾಯಾಮವೋ ಎಂದು ಸಂಶಯಪಟ್ಟಾರು. ಆಮೇಲೆ ಒಂದೇ ಒಂದು ಸ್ವರ. ಅದನ್ನು ಮೆಲ್ಲನೆ ಎತ್ತಿ, ಬೆಳಸಿ, ಮೆಲ್ಲನೆ ಇಳಿಸಿಡುವುದು. ಈ ಒಂದು ಸ್ವರದಲ್ಲಿಯೇ ಗಂಟೆಯ ಬಹುಭಾಗ ಕಳೆಯುವುದುಂಟು. ತನ್ನ ಸ್ವರವು ಪಕ್ಕದವನ ಸ್ವರದೊಡನೆ ಕೂಡದಿದ್ದರೆ ನಡುವೆ ಒಂದು ತೊನೆತ ಕೇಳಿಬರುತ್ತದೆ. ಕೂಡಿದರೆ ಅದು ನಿಂತು, ನಾದವು ಎರಡಲ್ಲ ಒಂದಾಗಿ ತೋರುತ್ತದೆ. ವರ್ಷಗಳ ಕಾಲ ಒಬ್ಬನೇ ಊದುತ್ತ ಬಂದವನಿಗೆ ಈ ಅನುಭವ ಹೊಸದು. ತನ್ನ ದನಿ ಎಲ್ಲಿ ಮುಗಿದು ಪಕ್ಕದವನದು ಎಲ್ಲಿ ತೊಡಗಿತೆಂಬುದು ಅವನಿಗೆ ತಿಳಿಯದೆ ಹೋಗುತ್ತದೆ.

ಉಸಿರಿನ ಈ ಶಿಕ್ಷಣಕ್ಕೆ ಆಚಾರ್ಯರೆನಿಸಿದವರು ಆರ್ನಾಲ್ಡ್ ಜೇಕಬ್ಸರು. ೧೯೧೫ರಲ್ಲಿ ಹುಟ್ಟಿ ೧೯೯೮ರಲ್ಲಿ ತೀರಿಕೊಂಡ ಅವರು ೧೯೪೪ರಿಂದ ೧೯೮೮ರವರೆಗೆ, ಎಂದರೆ ೪೪ ವರ್ಷ, ಷಿಕಾಗೋ ವಾದ್ಯವೃಂದದ ಟ್ಯೂಬಾ ಪೀಠದಲ್ಲಿದ್ದರು. ವಿಧಿಯ ವಿಲಾಸವೆಂದರೆ, ಹೆಚ್ಚಿನ ಗಾಳಿಯನ್ನು ಬೇಡುವ ವಾದ್ಯವನ್ನು ಹಿಡಿದ ಅವರಿಗೆ ಉಬ್ಬಸದ ಬಾಧೆಯಿದ್ದು ಶ್ವಾಸಕೋಶಗಳ ಶಕ್ತಿ ಸಾಮಾನ್ಯರಿಗಿಂತ ಕಡಮೆಯಾಗಿತ್ತು. ಆ ಕೊರತೆಯೇ ಅವರನ್ನು ವಿಚಾರಕ್ಕೆ ಹಚ್ಚಿತು. ದೇಹಶಾಸ್ತ್ರವನ್ನು ಓದಿದರು, ಉಸಿರನ್ನು ಅಳೆಯುವ ವೈದ್ಯರ ಉಪಕರಣಗಳನ್ನು ತಮ್ಮ ಪಾಠದ ಕೊಠಡಿಗೆ ತಂದಿಟ್ಟರು. ಇಷ್ಟೆಲ್ಲ ತಿಳಿದುಕೊಂಡ ಮೇಲೆ ಅವರು ಶಿಷ್ಯರಿಗೆ ಕಲಿಸಿದುದು ಮಾತ್ರ ಸುಲಭವಾದ ಎರಡು ಸಂಗತಿಗಳನ್ನು. ಮನಸ್ಸಿನಲ್ಲಿ ಹಾಡಿರಬೇಕು, ಗಾಳಿಯು ತಡೆಯಿಲ್ಲದೆ ಹರಿಯುತ್ತಿರಬೇಕು. ಸ್ನಾಯುಗಳನ್ನು ಕುರಿತು ಚಿಂತಿಸುತ್ತ ಕುಳಿತವನು ಊದಲಾರನೆಂಬುದು ಅವರ ಮತವಾಗಿತ್ತು. ಷಿಕಾಗೋದ ಪಕ್ಕದ ಎವನ್‌ಸ್ಟನ್ನಿನಲ್ಲಿರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅವರು ತಮ್ಮ ಕಡೆಗಾಲದ ಹಲವು ಬೇಸಿಗೆಗಳಲ್ಲಿ ಒಂದೊಂದು ವಾರ ಪಾಠ ಹೇಳಿದರು. ೧೯೮೯ರಲ್ಲಿ ಅವರ ಪೀಠಕ್ಕೆ ಬಂದ ಜೀನ್ ಪೊಕೋರ್ನಿಯವರ ಹೆಸರಿನಲ್ಲಿಯೂ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ವಿಶ್ವವಿದ್ಯಾಲಯದಲ್ಲಿ ಮಂದ್ರವಾದಕರ ಬೇಸಿಗೆಯ ವಾರಗಳು ನಡೆದಿವೆ. ಇಂದು ಯಾವ ಶಿಬಿರದಲ್ಲಿ ಬೆಳಗಿನ ಉಸಿರಾಟ ನಡೆದರೂ ಅದರೊಳಗೆ ಜೇಕಬ್ಸರ ಪಾಲು ಸ್ವಲ್ಪವಾದರೂ ಇದ್ದೇ ಇರುವುದು.

ಮಧ್ಯಾಹ್ನದ ಪಾಠವು ಬೆಳಗಿನಂತೆ ನಿರಾತಂಕವಾದುದಲ್ಲ. ಒಬ್ಬೊಬ್ಬರೇ ವೇದಿಕೆಯನ್ನೇರಿ ಗುರುವಿನ ಮುಂದೆಯೂ ಉಳಿದವರೆಲ್ಲರ ಮುಂದೆಯೂ ನುಡಿಸಬೇಕು. ವಾಗ್ನರರ ‘ಮೈಸ್ಟರ್‌ಸಿಂಗರ್’ ಪೀಠಿಕೆ, ಬರ್ಲಿಯೋಸರ ‘ಹಂಗೇರಿಯ ನಡಿಗೆ’, ಮೋಟ್ಸಾರ್ಟರ ‘ರೆಕ್ವಿಯಂ’ನ ಟ್ರೊಂಬೋನ್ ಭಾಗ ಮೊದಲಾದುವು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಇವು ವಾದ್ಯವೃಂದಗಳ ಉದ್ಯೋಗಪರೀಕ್ಷೆಯಲ್ಲಿ ಕೇಳುವ ತುಣುಕುಗಳು. ಕೇಳುತ್ತ ಕುಳಿತವರಲ್ಲಿ ಪ್ರತಿಯೊಬ್ಬನಿಗೂ ಆ ತುಣುಕು ಬಾಯಿಪಾಠವಾಗಿರುವುದರಿಂದ ಎಲ್ಲಿ ಉಸಿರು ಸಾಲದು, ಎಲ್ಲಿ ಬೆರಳು ತಡವರಿಸುವುದು ಎಂಬುದು ಸ್ವರ ಬರುವ ಮೊದಲೇ ಎಲ್ಲರಿಗೂ ಗೊತ್ತು. ಇಂತಹ ಸಭೆಯ ಮುಂದೆ ನಡುಗದವರಿಲ್ಲ. ಆದರೆ ಆ ನಡುಕವನ್ನು ಅರಿತ ಸಭೆಯೂ ಅದೊಂದೇ.

ಇಲ್ಲಿಯೇ ಈ ಸ್ನೇಹಕೂಟದ ಕಠಿಣವಾದ ಮುಖವೂ ಕಾಣಬರುವುದು. ವಾದ್ಯವೃಂದದಲ್ಲಿ ಟ್ಯೂಬಾಕ್ಕೆ ಒಂದೇ ಪೀಠ. ಅದರಲ್ಲಿ ಕುಳಿತವರು ಜೇಕಬ್ಸರಂತೆ ನಾಲ್ಕು ದಶಕ ಏಳದಿರುವುದೂ ಉಂಟು. ೨೦೦೬ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದದ ಟ್ಯೂಬಾ ಪೀಠವು ತೆರವಾದಾಗ ಅದಕ್ಕಾಗಿ ಅರ್ಜಿ ಹಾಕಿದವರು ೧೯೪ ಮಂದಿ. ಇನ್ನೂ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಕ್ಯಾರೊಲ್ ಜಾಂಚ್ ಅವರು ಆ ಪೀಠವನ್ನು ಪಡೆದರು. ಒಂದು ದೊಡ್ಡ ವಾದ್ಯವೃಂದದ ಟ್ಯೂಬಾ ಪೀಠವು ಹೆಂಗಸೊಬ್ಬರಿಗೆ ದೊರೆತುದು ಆ ದೇಶದಲ್ಲಿ ಅದೇ ಮೊದಲು. ಅದು ಸಂತೋಷದ ಸಂಗತಿಯೇ ಸರಿ. ಆದರೆ ಉಳಿದ ೧೯೩ ಮಂದಿ ಮನೆಗೆ ಹಿಂದಿರುಗಿದರೆಂಬುದೂ ಅಷ್ಟೇ ನಿಜ. ಬೆಳಗ್ಗೆ ಒಟ್ಟಿಗೆ ಉಸಿರೆಳೆದ ತರುಣರು ಇಂತಹ ಒಂದೇ ಪೀಠಕ್ಕಾಗಿ ನಾಳೆ ಪರದೆಯ ಹಿಂದೆ ಒಬ್ಬರಾದಮೇಲೊಬ್ಬರು ನುಡಿಸತಕ್ಕವರು. ಇದು ಅವರಿಗೆ ತಿಳಿಯದ ವಿಷಯವಲ್ಲ. ಹಾಗಿದ್ದೂ ಸಂಜೆ ಊಟದ ಮೇಜಿನ ಬಳಿ ಒಬ್ಬನು ತಾನು ಕಷ್ಟಪಟ್ಟು ಕಂಡುಕೊಂಡ ಬೆರಳಿನ ಉಪಾಯವನ್ನು ಇನ್ನೊಬ್ಬನಿಗೆ ಹೇಳಿಕೊಡುತ್ತಾನೆ. ಹೇಳದೆ ಮುಚ್ಚಿಟ್ಟುಕೊಳ್ಳುವವರು ಇಲ್ಲವೆಂದಲ್ಲ. ಆದರೆ ವರ್ಷವೆಲ್ಲ ಈ ಮಾತನ್ನು ಆಡಲು ಯಾರೂ ಸಿಕ್ಕದವನಿಗೆ, ಸಿಕ್ಕ ಕೇಳುಗನನ್ನು ಸ್ಪರ್ಧಿಯೆಂದು ಬಿಟ್ಟುಬಿಡುವುದು ಕಷ್ಟವೆಂದು ತೋರುತ್ತದೆ.

ಹಾಗಾದರೆ ಪೀಠ ದೊರೆಯದವರಿಗೆ ಈ ವಾರದಿಂದ ಏನು ಫಲ? ಶಿಬಿರಕ್ಕೆ ಬರುವ ಎಲ್ಲರೂ ಪೀಠವನ್ನು ಬಯಸಿ ಬರುವವರಲ್ಲವೆಂಬುದೇ ಇದಕ್ಕೆ ಮೊದಲ ಉತ್ತರ. ಶಾಲೆಯ ಬ್ಯಾಂಡಿನ ಮೇಷ್ಟರು ಬರುತ್ತಾರೆ. ಸೇನೆಯ ಬ್ಯಾಂಡಿನಲ್ಲಿ ದುಡಿದು ವಿಶ್ರಾಂತಿ ಪಡೆದವರು ಬರುತ್ತಾರೆ. ಹಗಲು ಕಚೇರಿಯಲ್ಲಿ ಲೆಕ್ಕ ಬರೆದು ಸಂಜೆ ಊರಿನ ಬ್ಯಾಂಡಿನಲ್ಲಿ ಊದುವ ಗೃಹಸ್ಥರು ಬರುತ್ತಾರೆ. ಯುಫೋನಿಯಮ್‌ನವರಿಗಂತೂ ಸಿಂಫನಿಯ ವಾದ್ಯವೃಂದದಲ್ಲಿ ಖಾಯಂ ಸ್ಥಾನವೇ ಇಲ್ಲ. ಬ್ಯಾಂಡುಗಳೇ ಅವರ ತೌರು. ಹದಿನೈದರ ಹುಡುಗಿಯ ಪಕ್ಕದಲ್ಲಿ ಎಪ್ಪತ್ತರ ಅಜ್ಜನು ಕುಳಿತು ಒಂದೇ ಹಾಳೆಯನ್ನು ನೋಡಿ ನುಡಿಸುವನು. ಎರಡನೆಯ ಉತ್ತರವನ್ನು ವಾದ್ಯದ ಚರಿತ್ರೆಯೇ ಹೇಳುತ್ತದೆ. ಟ್ಯೂಬಾ ಹುಟ್ಟಿ ೧೧೯ ವರ್ಷ ಕಳೆದ ಮೇಲೆ, ೧೯೫೪ರಲ್ಲಿ, ಲಂಡನ್ ಸಿಂಫನಿ ವಾದ್ಯವೃಂದದ ಐವತ್ತನೆಯ ವರ್ಷದ ಉತ್ಸವಕ್ಕಾಗಿ ರಾಲ್ಫ್ ವಾಹನ್ ವಿಲಿಯಮ್ಸರು ತಮ್ಮ ೮೧ನೆಯ ವಯಸ್ಸಿನಲ್ಲಿ ಈ ವಾದ್ಯಕ್ಕಾಗಿ ಕಂಚರ್ಟೊ ಒಂದನ್ನು ಬರೆದುಕೊಟ್ಟರು. ಆ ಸಂಜೆ ಫಿಲಿಪ್ ಕ್ಯಾಟಲಿನೆ ಎಂಬ ವಾದಕರು ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂದು ಕುಳಿತರು. ಫಿಲಿಪ್ಸರು ಮುಂದೆ ಅನೇಕ ರಚನಕಾರರನ್ನು ಬೇಡಿ, ಕಾಡಿ, ಹೊಸ ಕೃತಿಗಳನ್ನು ಬರೆಯಿಸಿದರು. ಇವು ಹುಟ್ಟಿದರೆ ಸಾಲದು. ನುಡಿಸುವವರೂ ಕೇಳುವವರೂ ಬೇಕಷ್ಟೆ. ಕೇಳಿ ಬೆಲೆ ಕಟ್ಟುವ ಸಭೆಯು ಇಂತಹ ವಾರಗಳಲ್ಲಿಯೇ ಬೆಳೆದುಬಂದಿತು.

ಗುರುಭಕ್ತಿಯೂ ಇವರಲ್ಲಿ ಬಲವಾದುದು. ೧೯೦೨ರ ಕ್ರಿಸ್ಮಸ್ ದಿನ ಹುಟ್ಟಿದ್ದ ವಿಲಿಯಂ ಬೆಲ್ಲರು ೧೯೭೧ರಲ್ಲಿ ಗತಿಸಿದರು. ೧೯೭೪ರ ಡಿಸೆಂಬರಿನಲ್ಲಿ ಫಿಲಿಪ್ಸರು ಆ ಗುರುವಿನ ನೆನಪಿಗಾಗಿ ನ್ಯೂಯಾರ್ಕಿನ ರಾಕಫೆಲರ್ ಚೌಕದ ಹಿಮದ ಅಂಗಳದಲ್ಲಿ ನೂರಾರು ಟ್ಯೂಬಾ, ಯುಫೋನಿಯಮ್‌ಗಳನ್ನು ಕೂಡಿಸಿ ಹಬ್ಬದ ಹಾಡುಗಳನ್ನು ನುಡಿಸಿದರು. ಆ ಪದ್ಧತಿ ಇಂದು ಅನೇಕ ಊರುಗಳಿಗೆ ಹಬ್ಬಿದೆ. ಬೇಸಿಗೆಯಲ್ಲಿ ಕಲೆತವರೇ ಎಷ್ಟೋ ಕಡೆ ಚಳಿಗಾಲದಲ್ಲಿ ಮತ್ತೆ ಒಂದಾಗುತ್ತಾರೆ.

ವಾರದ ಕಡೆಯ ಸಂಜೆ ಗುರುಗಳೂ ಶಿಷ್ಯರೂ ಹವ್ಯಾಸಿಗಳೂ ಬೆರೆತು ಒಂದೇ ಮೇಳವಾಗಿ ಕುಳಿತುಕೊಳ್ಳುತ್ತಾರೆ. ಬಾಖರ ಪ್ರಾರ್ಥನಾಗೀತವನ್ನೋ ಬ್ರುಕ್ನರರ ಯಾವುದೊಂದು ಭಾಗವನ್ನೋ ಈ ವಾದ್ಯಗಳಿಗೆ ಹೊಂದಿಸಿಕೊಂಡು ನುಡಿಸುವುದು ವಾಡಿಕೆ. ಸೆಕೆಂಡಿಗೆ ಐವತ್ತೋ ಅರುವತ್ತೋ ಸಲ ಅದುರುವ ನಾದವು ನೂರು ಬಾಯಿಗಳಿಂದ ಒಟ್ಟಿಗೆ ಹೊರಟಾಗ ಅದು ಅಬ್ಬರಿಸುವುದೆಂದು ಹೊರಗಿನವರು ನಿರೀಕ್ಷಿಸುತ್ತಾರೆ. ಹಾಗಾಗುವುದಿಲ್ಲ. ಎಣ್ಣೆಯಂತೆ ಮೃದುವಾಗಿ ಹರಡಿ, ಗೋಡೆಗೂ ನೆಲಕ್ಕೂ ವ್ಯಾಪಿಸಿ, ಕುಳಿತವರ ಕಾಲಡಿಯಲ್ಲಿ ಮಿಡಿಯುತ್ತದೆ. ಅಂದು ಮೇಲಣ ಮಟ್ಟನ್ನು ಹಾಡುವುದೂ ಮಂದ್ರದವರೇ. ಮರಳಿ ಹೋಗಬೇಕಾದ ಊರಿನಲ್ಲಿ ಅದು ಮತ್ತೆ ಪಿಟೀಲಿನವರ ಪಾಲಾಗುವುದೆಂಬುದನ್ನು ಬಲ್ಲವರಾಗಿ ಅದನ್ನು ಅವಸರವಿಲ್ಲದೆ ನುಡಿಸುತ್ತಾರೆ.

ಮರುದಿನ ಬೆಳಗ್ಗೆ ಪೆಟ್ಟಿಗೆಗಳು ಮತ್ತೆ ಬಾಗಿಲುಗಳಿಂದ ಓರೆಯಾಗಿ ಹೊರಬೀಳುತ್ತವೆ. ಕೆಲವರಿಗೆ ಮುಂದಿನ ತಿಂಗಳು ಪರೀಕ್ಷೆಯಿದೆ. ಕೆಲವರಿಗೆ ಕಚೇರಿಯ ಲೆಕ್ಕದ ಪುಸ್ತಕ ಕಾದಿದೆ. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಪ್ರತಿಯೊಬ್ಬನೂ ತನ್ನ ಊರಿನ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳಿತಿರುವನು. ಮುಂದೆ ಬ್ರಾಮ್ಸರ ಸಿಂಫನಿ ನಡೆಯುತ್ತಿರಬಹುದು. ಅವನ ಪಾಳಿ ಬರಲು ಇನ್ನೂ ಬಹಳ ಹೊತ್ತಿದೆ. ಅವನು ತಾಳವನ್ನು ಎಣಿಸುತ್ತಾನೆ. ತಣ್ಣಗಾಗುತ್ತಿರುವ ಲೋಹದೊಳಕ್ಕೆ ಸದ್ದಿಲ್ಲದೆ ಉಸಿರನ್ನು ಬಿಡುತ್ತಾನೆ. ಬೇರೆ ಬೇರೆ ಊರುಗಳಲ್ಲಿ ಅದೇ ರಾತ್ರಿ ಹೀಗೆಯೇ ಎಣಿಸುತ್ತ ಕುಳಿತಿರುವ ಕೆಲವರ ಮುಖಗಳು ಈಗ ಅವನಿಗೆ ಗೊತ್ತು.